ವೇಗ ಏರದ ಜೆಟ್ ದೋಣಿ: ಇನ್ನು ಮುಂದೆ ಮೊದಲು ಪಂಪ್, ಆಮೇಲೆ ಎಂಜಿನ್

ಮಲ್ಪೆ, ಉಡುಪಿ

ಆತ್ಮೀಯ ಗ್ರಾಹಕರೇ,

ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವ ಕಳೆದು ಕಡಲು ಶಾಂತವಾಗುತ್ತಿದ್ದಂತೆ ಜೆಟ್ ದೋಣಿಗಳು ಒಂದೊಂದಾಗಿ ನಮ್ಮ ವರ್ಕ್‌ಶಾಪಿಗೆ ಬರತೊಡಗುತ್ತವೆ. ಹೆಚ್ಚಿನವರ ದೂರು ಒಂದೇ: ಎಂಜಿನ್ ಕೂಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಈ ಋತುವಿನಿಂದ ಇಂತಹ ದೋಣಿಗಳನ್ನು ನಾವು ನೋಡುವ ಕ್ರಮ ಬದಲಾಗುತ್ತಿದೆ. ಮೊದಲು ಜೆಟ್ ಪಂಪ್ ಪರೀಕ್ಷಿಸುತ್ತೇವೆ. ಅದು ಸರಿಯಿದೆ ಎಂದು ಖಚಿತವಾದ ಮೇಲೆಯೇ ಎಂಜಿನ್ನಿಗೆ ಕೈ ಹಾಕುತ್ತೇವೆ. ಪಂಪ್ ಪರೀಕ್ಷೆಗೆ ಪ್ರತ್ಯೇಕ ಶುಲ್ಕವಿದೆ. ದುರಸ್ತಿಯನ್ನು ನಮ್ಮಲ್ಲೇ ಮಾಡಿಸಿದರೆ ಅಷ್ಟನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ದೋಣಿಯನ್ನು ನೀರಿಗಿಳಿಸಿ ಓಡಿಸಿ ನೋಡುವಾಗ ನೀವು ಅಥವಾ ನಿಮ್ಮ ಚಾಲಕರು ಜೊತೆಗಿರಬೇಕು.

ಕಾರಣ ಸರಳ. ಪ್ಲಗ್, ಫಿಲ್ಟರ್, ಇಂಜೆಕ್ಟರ್ ಎಲ್ಲ ಹೊಸದು ಹಾಕಿಸಿಕೊಂಡು, ಆಮೇಲೂ ವೇಗ ಬಾರದೆ ಬೇಸತ್ತು ನಮ್ಮ ಬಾಗಿಲಿಗೆ ಬರುವವರನ್ನು ನೋಡುತ್ತಲೇ ಇದ್ದೇವೆ. ದೋಷ ಇದ್ದದ್ದು ಹಿಂಬದಿಯ ಪಂಪಿನಲ್ಲಿ. ಮಳೆಗಾಲ ಬಿಟ್ಟು ಉಳಿಯುವ ತಿಂಗಳುಗಳಲ್ಲೇ ದುಡಿಯಬೇಕಾದವರಿಗೆ ಈ ಹಣವೂ ದೊಡ್ಡದು, ಕಳೆದುಹೋಗುವ ದಿನಗಳು ಇನ್ನೂ ದೊಡ್ಡವು.

ಜೆಟ್ ದೋಣಿಯಲ್ಲಿ ಎಂಜಿನ್ ನೇರವಾಗಿ ದೋಣಿಯನ್ನು ತಳ್ಳುವುದಿಲ್ಲ. ತಳದ ಜಾಲರಿಯ ಮೂಲಕ ನೀರು ಒಳಗೆ ಬರುತ್ತದೆ, ಪಂಪಿನೊಳಗೆ ಸುತ್ತುವ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಅದನ್ನು ಹಿಂದಕ್ಕೆ ದೂಡುತ್ತದೆ, ಕಿರಿದಾದ ನಳಿಕೆಯಿಂದ ಅದು ರಭಸವಾಗಿ ಚಿಮ್ಮುತ್ತದೆ. ಒಳಬರುವ ನೀರಿಗೆ ಅಡ್ಡಿಯಾದರೆ ಇಂಪೆಲ್ಲರಿನ ರೆಕ್ಕೆಯ ಮುಂಭಾಗದಲ್ಲಿ ಒತ್ತಡ ಕುಸಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ನೀರು ಕೂಡ, ಒತ್ತಡ ವಾಯುಭಾರದ ಸುಮಾರು 24ರಲ್ಲಿ ಒಂದು ಪಾಲಿಗೆ ಇಳಿದರೆ ಅಲ್ಲಿಯೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಇದೇ ಕ್ಯಾವಿಟೇಶನ್. ಗುಳ್ಳೆಗಳ ನಡುವೆ ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ಎಂಜಿನ್ ಹಗುರಾಗಿ ಸುತ್ತುತ್ತದೆ, ದೋಣಿ ನಿಂತಲ್ಲೇ ಒದ್ದಾಡುತ್ತದೆ. ಆ ಗುಳ್ಳೆಗಳು ಒಡೆಯುವಾಗ ಬೀಳುವ ಪೆಟ್ಟಿಗೆ ಸ್ಟೀಲ್ ರೆಕ್ಕೆಯ ಮೇಲೂ ಸಿಡುಬಿನ ಕಲೆಗಳಂತೆ ಗುಳಿಗಳು ಮೂಡುತ್ತವೆ.

ಇದು ಹೊಸ ಕಾಯಿಲೆಯೇನಲ್ಲ. ಇಂಗ್ಲೆಂಡಿನ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ಅವರ ಟರ್ಬೀನಿಯಾ ಹಡಗು ಮೊದಲ ಓಟಗಳಲ್ಲಿ ಎಣಿಸಿದ ವೇಗ ಕೊಡದಿದ್ದಾಗ, ಅವರು 1895ರಲ್ಲಿ ಪ್ರೊಪೆಲ್ಲರಿನ ಸುತ್ತ ಏಳುವ ಗುಳ್ಳೆಗಳನ್ನು ಕಣ್ಣಾರೆ ನೋಡಲೆಂದೇ ನೀರಿನ ಪರೀಕ್ಷಾ ಸಾಧನವೊಂದನ್ನು ಕಟ್ಟಿಕೊಂಡರು. ಶಕ್ತಿ ಸೋರಿಹೋಗುತ್ತಿದ್ದದ್ದು ನೀರೂ ರೆಕ್ಕೆಯೂ ಸೇರುವ ಜಾಗದಲ್ಲಿ.

ಹಾಗಾಗಿ ದೋಣಿ ತರುವ ಮುನ್ನ ದಯವಿಟ್ಟು ಒಂದು ವಿಷಯ ಗಮನಿಸಿ ಬನ್ನಿ: ಪೂರ್ತಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ತೋರಿಸುವ ಮುಳ್ಳು ಎಲ್ಲಿ ನಿಲ್ಲುತ್ತದೆ? ಮಾಮೂಲಿಗಿಂತ ಮೇಲೆ ಹೋಗಿಯೂ ದೋಣಿ ಎಳೆಯದಿದ್ದರೆ ಅನುಮಾನ ಪಂಪಿನ ಮೇಲೆ. ಮುಳ್ಳು ಮೇಲೇರುವುದೇ ಇಲ್ಲವಾದರೆ ಇಂಧನ, ಪ್ಲಗ್, ಥ್ರಾಟಲ್ ಕೇಬಲ್, ಇಲ್ಲವೇ ಅತಿಭಾರ. ಭಾರ ಎಂದರೆ ಪ್ರಯಾಣಿಕರು ಮಾತ್ರವಲ್ಲ. ತಳದಲ್ಲಿ ನೂರು ಲೀಟರ್ ನೀರು ನಿಂತಿದ್ದರೆ ನೂರು ಕಿಲೋ ಹೆಚ್ಚು ಹೊತ್ತಂತೆಯೇ. ಇನ್ನೊಂದು ಗುರುತು: ಥ್ರಾಟಲನ್ನು ಒಮ್ಮೆಲೇ ಒತ್ತಿದಾಗ ಜಾರಿ, ನಿಧಾನವಾಗಿ ಒತ್ತಿದಾಗ ಹಿಡಿದರೆ, ನೀರು ಒಳಬರುವ ದಾರಿಯನ್ನೂ ರೆಕ್ಕೆಯ ಅಂಚನ್ನೂ ನಾವು ಮೊದಲು ನೋಡುತ್ತೇವೆ. ದೋಣಿ ಓಡತೊಡಗಿದ ಮೇಲೆ ಎದುರಿನ ನೀರೇ ಒಳಗೆ ನುಗ್ಗುವುದರಿಂದ ಪಂಪಿನ ಕಷ್ಟ ಕಡಿಮೆಯಾಗುತ್ತದೆ.

ನಮ್ಮ ಕರಾವಳಿಯಲ್ಲಿ ಪಂಪಿಗೆ ಶತ್ರುಗಳು ಕಡಿಮೆಯಿಲ್ಲ. ಮಲ್ಪೆ ಬಂದರಿನ ಆಸುಪಾಸಿನಲ್ಲಿ ತೇಲುವ ಬಲೆಯ ನೈಲಾನ್ ದಾರ ಶಾಫ್ಟಿಗೆ ಎಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತದೆ ಎಂದರೆ ಚಾಕುವಿನಿಂದ ಪದರ ಪದರವಾಗಿ ಕೊಯ್ದು ತೆಗೆಯಬೇಕಾಗುತ್ತದೆ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಅಳಿವೆಯಲ್ಲಿ, ಮಂಗಳೂರಿನ ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ಮರಳ ದಿಬ್ಬದ ಮೇಲೆ ದೋಣಿ ಓಡಿಸಿದರೆ ಮರಳೂ ಮರುವಾಯಿ ಚಿಪ್ಪೂ ನೀರಿನೊಡನೆ ಒಳಗೆ ಹೋಗುತ್ತವೆ. ಚಿಪ್ಪು ರೆಕ್ಕೆಯ ಅಂಚನ್ನು ಮುರಿಯುತ್ತದೆ, ಮರಳು ಇಂಪೆಲ್ಲರನ್ನು ಸುತ್ತುವರಿದಿರುವ ವೇರ್ ರಿಂಗ್ ಎಂಬ ಉಂಗುರವನ್ನು ತೇಯುತ್ತದೆ. ರೆಕ್ಕೆಯ ತುದಿಗೂ ಈ ಉಂಗುರಕ್ಕೂ ನಡುವಿನ ಸಂದು ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಒಳಗಿರಬೇಕು. ಅದು ಹಿಗ್ಗಿದರೆ ದೂಡಿದ ನೀರು ಪಕ್ಕದಿಂದ ಹಿಂದಕ್ಕೇ ನುಸುಳುತ್ತದೆ. ಟಾರ್ಚ್ ಹಿಡಿದು, ಪ್ರತಿ ರೆಕ್ಕೆಯ ತುದಿಯಲ್ಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನಾವು ಅಳೆದ ಸಂಖ್ಯೆಯನ್ನು, ನಿಮ್ಮ ಯಂತ್ರದ ಕೈಪಿಡಿಯಲ್ಲಿರುವ ಮಿತಿಯ ಪಕ್ಕದಲ್ಲೇ ಬರೆದು ನಿಮಗೆ ಕೊಡುತ್ತೇವೆ.

ಕ್ಯಾವಿಟೇಶನ್ನಿನಂತೆಯೇ ಕಾಣುವ ಇನ್ನೊಂದು ತೊಂದರೆ, ಪಂಪಿನೊಳಗೆ ಗಾಳಿ ಸೇರುವುದು. ಪಂಪ್ ಮತ್ತು ತಳದ ನಡುವಿನ ಸೀಲ್ ಬಿಟ್ಟಿದ್ದರೆ ಅಥವಾ ಶಾಫ್ಟಿನ ಕಾರ್ಬನ್ ಸೀಲ್ ಸವೆದಿದ್ದರೆ ಹೀಗಾಗುತ್ತದೆ. ಎಂಜಿನ್ ಕೋಣೆಯಲ್ಲಿ ಶಾಫ್ಟಿನ ಸುತ್ತ ಕಪ್ಪು ಪುಡಿ ಚಿಮ್ಮಿದ್ದು ಕಂಡರೆ ನಮಗೆ ಮೊದಲೇ ತಿಳಿಸಿ. ಹೊಸ ಇಂಪೆಲ್ಲರ್ ಹಾಕಿದರೂ ಈ ದೋಷ ಹೋಗುವುದಿಲ್ಲ.

ಇನ್ನೊಂದು ಬದಲಾವಣೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮುರಿದ ಇಂಪೆಲ್ಲರಿಗೆ ವೆಲ್ಡಿಂಗ್ ತುಂಬಿ ಉಜ್ಜಿ ಕೊಡುವ ಕೆಲಸವನ್ನು ನಾವು ಇನ್ನು ಒಪ್ಪುವುದಿಲ್ಲ. ಅಂಚಿನ ಸಣ್ಣ ಪೆಟ್ಟುಗಳನ್ನು ಅರದಿಂದ ತಿದ್ದುತ್ತೇವೆ. ಅದಕ್ಕಿಂತ ದೊಡ್ಡ ಹಾನಿಗೆ ವೆಲ್ಡಿಂಗ್ ತುಂಬಿದರೆ ರೆಕ್ಕೆಗಳ ಓರೆಯೂ ತೂಕವೂ ಒಂದಕ್ಕೊಂದು ಹೊಂದುವುದಿಲ್ಲ, ನಡುಕ ಹುಟ್ಟಿ ಬೇರಿಂಗ್ ಹಾಳಾಗುತ್ತದೆ. ಅಗ್ಗದ ಕೆಲಸ ಕೊನೆಗೆ ದುಬಾರಿಯಾಗುವುದನ್ನು ತಿಳಿದೂ ಮಾಡಿಕೊಡಲು ನಮಗೆ ಮನಸ್ಸಿಲ್ಲ.

ಚಾಲಕರಿಗೂ ಒಂದು ಮಾತು. ರಿವರ್ಸ್ ಹಾಕಿದರೆ ಕಸ ಹೊರಬೀಳುತ್ತದೆ ಎಂದು ಹಲವರು ನಂಬಿದ್ದಾರೆ. ಹೆಚ್ಚಿನ ಜೆಟ್ ದೋಣಿಗಳಲ್ಲಿ ರಿವರ್ಸ್ ಎಂದರೆ ಹಿಂದೆ ಇಳಿದು, ಚಿಮ್ಮುವ ನೀರನ್ನು ಮುಂದಕ್ಕೆ ತಿರುಗಿಸುವ ಬಕೆಟ್ ಮಾತ್ರ. ಪಂಪ್ ಅದೇ ದಿಕ್ಕಿಗೆ ಸುತ್ತುತ್ತ ಕಸವನ್ನು ಇನ್ನಷ್ಟು ಒಳಗೆಳೆಯುತ್ತದೆ. ಎಂಜಿನ್ ಆರಿಸಿ ದೋಣಿಯನ್ನು ಅತ್ತಿತ್ತ ಅಲುಗಾಡಿಸಿದರೆ ಎಷ್ಟೋ ಸಲ ಕಸ ತಾನಾಗಿ ಕೆಳಗೆ ಬೀಳುತ್ತದೆ. ಜಾಲರಿಯೊಳಗೆ ಕೈ ಹಾಕುವ ಮುನ್ನ ಎಂಜಿನ್ ಆರಿಸಿ, ಕೀಲಿ ಮತ್ತು ಸುರಕ್ಷತಾ ದಾರ (ಕಳಚಿದರೆ ಎಂಜಿನ್ ಆರಿಸುವ ದಾರ) ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಇದರಲ್ಲಿ ಯಾವ ರಿಯಾಯಿತಿಯೂ ಬೇಡ, ಬೆರಳುಗಳ ಪ್ರಶ್ನೆ ಇದು. ಕನಿಷ್ಠ ಮೂರು ಅಡಿ ನೀರಿಲ್ಲದಲ್ಲಿ ಥ್ರಾಟಲ್ ಒತ್ತಬೇಡಿ.

ದೋಣಿ ತರುವಾಗ ಟ್ರೇಲರ್, ಯಂತ್ರದ ಕೈಪಿಡಿ, ಹಿಂದೆ ಬದಲಿಸಿದ ಬಿಡಿಭಾಗಗಳ ಬಿಲ್ ಜೊತೆಗಿರಲಿ. ತಳಕ್ಕೆ ಅಂಟಿದ ಬಾರ್ನಕಲ್ ಚಿಪ್ಪುಗಳನ್ನು, ಮುಖ್ಯವಾಗಿ ಜಾಲರಿಯ ಮುಂಭಾಗದಲ್ಲಿರುವುದನ್ನು, ಕೆರೆದು ತಂದರೆ ಕೆಲಸ ಬೇಗ ಮುಗಿಯುತ್ತದೆ. ನೀರಿನ ಪರೀಕ್ಷೆಯನ್ನು ಗಾಳಿ ಏಳುವ ಮೊದಲು, ಬೆಳಗ್ಗೆಯೇ ಮಾಡುತ್ತೇವೆ. ಹಿಂದಿನ ದಿನ ಸಂಜೆಯೊಳಗೆ ದೋಣಿ ನಮ್ಮ ಅಂಗಳ ಸೇರಿರಬೇಕು.

ಇತಿ ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಎಲ್ಲ ಮೆಕ್ಯಾನಿಕರ ಪರವಾಗಿ