ಪರಿಚಯದವರಿಲ್ಲದ ಮಕ್ಕಳಿಗೆ ಲ್ಯಾಬ್ ಎಲ್ಲಿದೆ ಸರ್?

ಶಿವಮೊಗ್ಗ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೂರು ಹೇಳಲು ಬರೆಯುತ್ತಿಲ್ಲ. ಸರಿ, ಸ್ವಲ್ಪ ದೂರೂ ಇದೆ.

ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಈ ಮಳೆಗಾಲ ಪೂರ್ತಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ನೀರಿನ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲು ಹಾಕಿ, ಸ್ಕೇಲು ಅಂಟಿಸಿ ಮಳೆಮಾಪಕ ಮಾಡಿಕೊಂಡು ದಿನಾ ಬೆಳಿಗ್ಗೆ ಅಳತೆ ಬರೆಯುತ್ತಾಳೆ. ಪಕ್ಕದ ಕಾಲಂನಲ್ಲಿ, ಅವರ ತೋಟದ ಹತ್ತು ಅಡಿಕೆ ಮರದ ಬುಡದಲ್ಲಿ ಕೊಳೆ ಹತ್ತಿ ಉದುರಿದ ಕಾಯಿ ಎಷ್ಟು ಅಂತ ಲೆಕ್ಕ. ಕೊಳೆಗೆ ಬೋರ್ಡೋ ದ್ರಾವಣ ಹೊಡೆದ ದಿನಕ್ಕೆ ಕೆಂಪು ಗೀಟು. ಜುಲೈನಲ್ಲಿ ಒಂದು ದಿನ ಬಾಟಲಿ ತುಂಬಿ ಹರಿದಿದೆ. ಅವತ್ತು ಅಂದಾಜಿಗೆ ಯಾವುದೋ ಸಂಖ್ಯೆ ಹಾಕಿಲ್ಲ, ‘ಗೊತ್ತಿಲ್ಲ’ ಅಂತ ಬರೆದಿದ್ದಾಳೆ. ಆ ಒಂದು ಪದ ನೋಡಿಯೇ ಇವಳನ್ನು ಯಾವುದಾದರೂ ಲ್ಯಾಬಿಗೆ ಕಳಿಸಬೇಕು ಅನ್ನಿಸಿತು.

ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ ಅಂತ ನಾನು ಬೋರ್ಡ್ ಮೇಲೆ ಬರೆಯಬಲ್ಲೆ. ಅವಳಿಗೆ ಅದನ್ನು ಕಣ್ಣಲ್ಲಿ ನೋಡಬೇಕು. ನಮ್ಮ ಶಾಲೆಯ ಮೈಕ್ರೋಸ್ಕೋಪಿಗೆ ಕನ್ನಡಿಯೇ ಇಲ್ಲ.

ಒಂದು ಸಂಸ್ಥೆಗೆ ಇಮೇಲ್ ಮಾಡಿದೆ. ಉತ್ತರ ಇಲ್ಲ. ಫೋನ್ ಮಾಡಿದರೆ ‘ಎಂಎಸ್ಸಿ ಮಕ್ಕಳಿಗೇ ಜಾಗ ಸಾಲಲ್ಲ ಮೇಷ್ಟ್ರೇ’ ಅಂದರು. ಇರಬಹುದು. ಆದರೆ ಅದೇ ಸಂಸ್ಥೆಯಲ್ಲಿ ಬೇಸಿಗೆ ರಜೆಯಲ್ಲಿ ಪೇಟೆಯ ಹುಡುಗನೊಬ್ಬ ಹತ್ತು ದಿನ ಇದ್ದು ಸರ್ಟಿಫಿಕೇಟ್ ತಂದಿದ್ದ. ಅವನ ಮಾವ ಒಂದು ಫೋನ್ ಮಾಡಿದ್ದರಂತೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಕಲಿತು ಬಂದಿದ್ದಾನೆ, ಒಳ್ಳೆಯದೇ. ಮಾವ ಇಲ್ಲದವರು ಏನು ಮಾಡಬೇಕು ಅನ್ನೋದು ನನ್ನ ಪ್ರಶ್ನೆ.

ಯೋಜನೆಗಳಿಲ್ಲ ಅಂತಲ್ಲ. ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ನಡೆಸುವ ಇನ್‌ಸ್ಪೈರ್ ಮಾನಕ್‌ನಲ್ಲಿ ಆಯ್ಕೆಯಾದ ಐಡಿಯಾಗೆ 10,000 ರೂಪಾಯಿ ಬರುತ್ತದೆ. ಇಸ್ರೋದ ಯುವ ವಿಜ್ಞಾನಿ ಶಿಬಿರ ಯುವಿಕಾ ಇದೆ, ಅದು ಇಡೀ ದೇಶದ ಒಂಬತ್ತನೇ ಕ್ಲಾಸಿನವರಿಗೆ, ಸೀಟು ಕಮ್ಮಿ. ಪಿಯು ಮಕ್ಕಳಿಗೆ ಆಸರೆಯಾಗಿದ್ದ ಕೆವಿಪಿವೈ ವಿದ್ಯಾರ್ಥಿವೇತನ 2022ರಲ್ಲಿ ನಿಂತೇಹೋಯಿತು. ಬೇಸಿಗೆ ಫೆಲೋಶಿಪ್‌ಗಳು ಜಾಸ್ತಿ ಡಿಗ್ರಿಯವರಿಗೇ.

ಆದರೆ ನಮ್ಮ ಜಿಲ್ಲೆಯಲ್ಲಿ ಏನು ಕಮ್ಮಿ ಇದೆ ಹೇಳಿ? ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದಲ್ಲಿ ಮೆಡಿಕಲ್ ಕಾಲೇಜು, ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿಗೆ ಜಗತ್ತೆಲ್ಲ ನಮ್ಮ ಕಾಡಿನ ಹೆಸರೇ ಹೇಳುತ್ತದೆ, ನಮ್ಮ ಮಕ್ಕಳು ಮಾತ್ರ ಅದನ್ನು ಹರಡುವ ಒಂದು ಉಣುಗನ್ನು ಲೆನ್ಸಿನಡಿ ನೋಡಿಲ್ಲ. (ವೈರಸ್ ಲ್ಯಾಬಿಗೆ ಮಕ್ಕಳನ್ನು ಬಿಡಿ ಅಂತ ಕೇಳುತ್ತಿಲ್ಲ. ಅಷ್ಟು ಬುದ್ಧಿ ನಮಗೂ ಇದೆ.)

ನಿಮ್ಮಿಂದ ಬೇಕಿರುವುದು ಒಂದು ಪುಟದ ಸುತ್ತೋಲೆ. ಕನ್ನಡದಲ್ಲಿ. ದಸರಾ ಮತ್ತು ಬೇಸಿಗೆ ರಜೆಯಲ್ಲಿ ಯಾವ ಸಂಸ್ಥೆ ಎಷ್ಟು ಹೈಸ್ಕೂಲ್, ಪಿಯು ಮಕ್ಕಳನ್ನು ಕರೆದುಕೊಳ್ಳುತ್ತದೆ, ಯಾರಿಗೆ ಫೋನ್ ಮಾಡಬೇಕು, ಅಷ್ಟು. ಆಯ್ಕೆಗೆ ಮಾರ್ಕ್ಸ್ ಕಾರ್ಡ್ ಕೇಳಬೇಡಿ, ಮಗು ತಾನೇ ಬರೆದ ನೋಟ್‌ಬುಕ್ ನೋಡಿ. ರಜೆಯಲ್ಲಿ ಖಾಲಿ ಇರುವ ಹಾಸ್ಟೆಲಿನಲ್ಲಿ ಉಳಿಯಲು ಜಾಗ ಕೊಡಿ. ಇನ್ನು ಬಸ್ ಚಾರ್ಜು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆಯಲ್ಲ ಅನ್ನಬೇಡಿ, ನಮ್ಮೂರಿಗೆ ಬರುವುದು ಪ್ರೈವೇಟ್ ಬಸ್ಸು, ಅದೂ ಎರಡೇ.

ದಸರಾ ರಜೆ ಹತ್ತಿರ ಬಂತು. ಅವಳ ನೋಟ್‌ಬುಕ್ ಸದ್ಯ ನನ್ನ ಟೇಬಲ್ ಮೇಲಿದೆ. ನಿಮ್ಮ ಕಚೇರಿಯವರು ಯಾರಾದರೂ ಈ ಕಡೆ ಬಂದರೆ ತೋರಿಸುತ್ತೇನೆ. ಸ್ವಲ್ಪ ನಿಧಾನಕ್ಕೆ ತಿರುವಬೇಕು, ಹಾಳೆಗಳೆಲ್ಲ ಇನ್ನೂ ಥಂಡಿ ಹಿಡಿದಿವೆ.

ಇಂತಿ,
ಒಬ್ಬ ಹೈಸ್ಕೂಲ್ ಮೇಷ್ಟ್ರು