ಪಕ್ಕದಲ್ಲಿ ಕುಳಿತವರಿಗೆ

ಚೀನೀ ಭಾಷೆಯ ಎಚ್‌ಎಸ್‌ಕೆ ಎಂಬ ಪರೀಕ್ಷೆಯ ಐದನೇ ಹಂತದ ಫಲಿತಾಂಶ ಬಂದಿದೆ. ಅಂಕಗಳು ಚೆನ್ನಾಗಿವೆ. ಕಂಪ್ಯೂಟರಿನಲ್ಲಿ ಬರೆಯುವ ಅನುಕೂಲವಿದ್ದರೂ ನಾನು ಕಾಗದವನ್ನೇ ಆರಿಸಿಕೊಂಡು, ಸುಮಾರು 80 ಅಕ್ಷರಗಳ ಎರಡು ಕಿರುಬರಹಗಳನ್ನು ಕೈಯಿಂದಲೇ ಬರೆದೆ. ಏಕೆ ಈ ಹಠ ಎಂದು ಆಗ ಹಲವರು ಕೇಳಿದ್ದಿರಿ. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ತರಗತಿಯ ಗೆಳೆಯರಿಗೆ, ಶುಲ್ಕಕ್ಕೆ ಹಣ ಹೊಂದಿಸಿಕೊಟ್ಟ ಅತ್ತಿಗೆಗೆ, ಶಿವಮೊಗ್ಗದಿಂದ ತಪ್ಪದೆ ಚಟ್ನಿಪುಡಿ ಕಳುಹಿಸಿದ ದೊಡ್ಡಮ್ಮನಿಗೆ, ಜಪಾನೀ ಕಲಿತ ಬೆಂಗಳೂರಿನ ಗೆಳತಿಗೆ ನಮಸ್ಕಾರ. ಎರಡೂ ಭಾಷೆಗಳಲ್ಲಿರುವ, ‘ರಾಜ’ ಎಂಬ ಅರ್ಥದ ಅಕ್ಷರವನ್ನು ಬರೆಯುವ ವಿಷಯದಲ್ಲಿ ಗೆಳತಿಗೂ ನನಗೂ ಆದ ಜಗಳ ಹಾಗೆಯೇ ಉಳಿದಿದೆ. ಜಪಾನಿನಲ್ಲಿ ಮೇಲಿನ ಅಡ್ಡಗೆರೆಯಾದ ಕೂಡಲೇ ಉದ್ದಗೆರೆ ಎಳೆಯುತ್ತಾರೆ. ಚೀನಾದಲ್ಲಿ ಎರಡು ಅಡ್ಡಗೆರೆ ಮುಗಿದ ಮೇಲೆ. ಅವಳೂ ಸರಿ, ನಾನೂ ಸರಿ. ಒಪ್ಪಿಕೊಳ್ಳಲು ಇಬ್ಬರಿಗೂ ಮನಸ್ಸಿಲ್ಲ.

ಉಳಿದ ಕೃತಜ್ಞತೆಯೆಲ್ಲ ಲಾವೋಶಿಯವರಿಗೆ. ಚೆಂಗ್ಡುವಿನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ ಅವರು. ಅಲ್ಲಿ ಗುರುಗಳನ್ನು ಕರೆಯುವುದೇ ಲಾವೋಶಿ ಎಂದು. ಗೆರೆಯ ಕ್ರಮ ಅವರಿಗೆ ಊಟದ ಶಿಸ್ತಿನಷ್ಟೇ ಸಹಜ: ಅಡ್ಡಗೆರೆ ಮೊದಲು, ಉದ್ದಗೆರೆ ಆಮೇಲೆ, ಎಡ ಮೊದಲು, ಬಲ ಆಮೇಲೆ. ‘ದೇಶ’ ಎಂಬ ಅಕ್ಷರಕ್ಕೆ ಚೌಕಟ್ಟಿದೆ. ಅದರ ತಳದ ಗೆರೆಯನ್ನು ಎಲ್ಲಕ್ಕಿಂತ ಕೊನೆಗೆ ಎಳೆಯಬೇಕು. “ಮೊದಲು ಜನ ಒಳಗೆ ಬರಲಿ, ಆಮೇಲೆ ಬಾಗಿಲು ಹಾಕು” ಎಂದು ಅಲ್ಲಿನ ಮಕ್ಕಳಿಗೆ ಹೇಳಿಕೊಡುವಂತೆಯೇ ನನಗೂ ಹೇಳಿಕೊಟ್ಟರು. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಸರ್ಕಾರಿ ಮಾನದಂಡವು 8105 ಅಕ್ಷರಗಳಿಗೆ ಗೆರೆಯ ಕ್ರಮವನ್ನು ನಿಗದಿಪಡಿಸಿದೆ. ಲಾವೋಶಿ ಆ ಪುಸ್ತಕ ತೆರೆದದ್ದನ್ನು ನಾನು ನೋಡಿಲ್ಲ.

ನಿಧಾನವಾಗಿ ಬರೆದು ಮುಗಿಸಿದ ಅಕ್ಷರದಲ್ಲಿ ಈ ಕ್ರಮ ಕಾಣಿಸುವುದಿಲ್ಲ. ಕೈ ಓಡತೊಡಗಿದಾಗ ಗುಟ್ಟು ರಟ್ಟಾಗುತ್ತದೆ: ಗೆರೆಗಳು ಬರೆದ ಕ್ರಮದಲ್ಲೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕ್ರಮ ಕೆಟ್ಟರೆ ಓದುವವರು ತಡವರಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಬಲ್ಲವರು ಪಕ್ಕದಲ್ಲಿ ಕುಳಿತು ಪೆನ್ನಿನ ಮೊನೆಯನ್ನೇ ನೋಡುವವರು ಮಾತ್ರ. ಲಾವೋಶಿ ಹಾಗೆ ನೋಡುತ್ತಿದ್ದರು. ಚಹಾ ಆರಿಹೋದರೂ ನೋಡುತ್ತಿದ್ದರು.

ಅಪ್ಪನ ಸುದ್ದಿ ಬಂದ ರಾತ್ರಿಯ ವಿವರ ನಿಮಗೆಲ್ಲ ಗೊತ್ತು. ಚೆಂಗ್ಡುವಿನ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ನಡುರಾತ್ರಿ ಕಳೆದಿತ್ತು, ಬೆಳಗಿನವರೆಗೆ ವಿಮಾನವಿರಲಿಲ್ಲ. ನನ್ನ ಅಳು ಕೆಳಗಿನ ಮನೆಗೆ ಕೇಳಿಸಿರಬೇಕು. ಲಾವೋಶಿ ಚಪ್ಪಲಿಯಲ್ಲೇ ಮೆಟ್ಟಿಲು ಹತ್ತಿ ಬಂದರು. ಸಮಾಧಾನದ ಮಾತಾಡಲಿಲ್ಲ. ಆಡಿದ್ದರೂ ಅವರ ಸಿಚುವಾನ್ ಉಚ್ಚಾರಣೆ ಆ ಹೊತ್ತಿನಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲ. ನಾಲ್ಕು ಮನೆಗಳ ಚೌಕವಿರುವ ಅಭ್ಯಾಸ ಪುಸ್ತಕವನ್ನು ಮುಂದಿಟ್ಟು, “ನಿಮ್ಮ ತಂದೆಯನ್ನು ನಿಮ್ಮ ಲಿಪಿಯಲ್ಲಿ ಬರೆ” ಎಂದರು.

ಅಪ್ಪ ಎಂದು ಬರೆದೆ. ಇನ್ನೊಮ್ಮೆ ಎಂದರು. ಬರೆದೆ. ಪೆನ್ನು ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು ಎಂದು ಬಗ್ಗಿ ನೋಡಿದರು. ಒತ್ತಕ್ಷರ ಕೆಳಗೆ ಬಂದಾಗ ತಲೆಯಾಡಿಸಿದರು; ಮೇಲಿನದು ಮೊದಲು, ಕೆಳಗಿನದು ಆಮೇಲೆ ಎಂಬುದು ಅವರ ನಿಯಮಕ್ಕೂ ಹೊಂದುತ್ತಿತ್ತು. ತಲೆಕಟ್ಟನ್ನು ನಾನು ಕೊನೆಗೆ ಹಾಕಿದ್ದು ಮಾತ್ರ ಅವರಿಗೆ ಸರಿಬರಲಿಲ್ಲ. “ಮೇಲಿನದು ಕೊನೆಗೇಕೆ? ಯಾರು ಕಲಿಸಿದ್ದು?” ಎಂದು ಕೇಳಿದರು.

ಅಪ್ಪನೇ ಕಲಿಸಿದ್ದು. ಸ್ಲೇಟಿನ ಮೇಲೆ, ನನ್ನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಇಟ್ಟುಕೊಂಡು. ಅಪ್ಪನಿಂದ ಬಂದದ್ದೆಂದು ತಿಳಿಯದೆಯೇ ನನ್ನ ಕೈ ಅಷ್ಟು ವರ್ಷ ಆ ಕ್ರಮದಲ್ಲಿ ಓಡಾಡಿಕೊಂಡಿತ್ತು. ಅವರಿಗೆ ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕೇಳಿ, ಪೆನ್ನು ತೆಗೆದುಕೊಂಡು, ತಾವೂ ‘ಅಪ್ಪ’ ಎಂದು ಬರೆದರು. ತಲೆಕಟ್ಟನ್ನು ಕೊನೆಗೇ ಹಾಕಿದರು.

ಬೆಳಗಾಗುವವರೆಗೆ ಪುಟ ತುಂಬಿಸುತ್ತಾ ಕುಳಿತೆವು. ಒಂದು ಸಾಲು ನನ್ನದು, ಒಂದು ಸಾಲು ಅವರದು. ವಿಮಾನ ನಿಲ್ದಾಣದವರೆಗೂ ಬಂದರು. ಮೊಟ್ಟೆ ಬೇಯಿಸಿ ತಂದಿದ್ದರು. ನಾನು ಮೊಟ್ಟೆ ತಿನ್ನುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಗಡಿಬಿಡಿಯಲ್ಲಿ ಮರೆತಿರಬೇಕು. ಅಂದು ತಿಂದೆ.

ಹಠದ ಕಾರಣ ಇಷ್ಟೇ. ಅವರು ಕಲಿಸಿದ್ದನ್ನು ಕೀಲಿಮಣೆಯಲ್ಲಿ ಒತ್ತಲು ಮನಸ್ಸಾಗಲಿಲ್ಲ. ಪರೀಕ್ಷಕರಿಗೆ ನನ್ನ ಗೆರೆಗಳ ಕ್ರಮ ಕಾಣುವುದಿಲ್ಲ, ಅದಕ್ಕೆ ಅಂಕವೂ ಇಲ್ಲ. ಫಲಿತಾಂಶ ತಿಳಿಸಿದಾಗ ಲಾವೋಶಿ ಕೇಳಿದ್ದು ಅಂಕಗಳನ್ನಲ್ಲ, “ಬಾಗಿಲನ್ನು ಕೊನೆಗೆ ಹಾಕಿದೆ ತಾನೆ?” ಎಂದು. ಹಾಕಿದೆ ಎಂದೆ. ಮುಂದಿನ ವಾರದಿಂದ ಕುಂಚ ಹಿಡಿಸುತ್ತಾರಂತೆ.

ಚೌಕದ ಅಭ್ಯಾಸ ಪುಸ್ತಕಗಳು ಒಂದು ಚೀಲದಷ್ಟು ಖಾಲಿ ಉಳಿದಿವೆ. ಮಕ್ಕಳಿಗೆ ಬೇಕಿದ್ದರೆ ತಿಳಿಸಿ, ಊರಿಗೆ ಬರುವಾಗ ತರುತ್ತೇನೆ.