ಹೆಸರು ಕೇಳದೇ ಬಿಟ್ಟ ಪಕ್ಕದ ಟ್ರೇಲರ್ ಯಜಮಾನರಿಗೆ

ಅರಿಜೋನಾದ ಕ್ವಾರ್ಟ್‌ಸೈಟ್ ಬಯಲಿನಲ್ಲಿ ನಮ್ಮ ಪಕ್ಕ ಟ್ರೇಲರ್ ನಿಲ್ಲಿಸಿದ್ದ ಹಿರಿಯರೇ, ನಿಮಗೆ ಕನ್ನಡ ಬರುವುದಿಲ್ಲ, ಇದನ್ನು ಓದುವುದೂ ಇಲ್ಲ. ಆದರೂ ಬರೆಯದೆ ಸಮಾಧಾನ ಇಲ್ಲ.

ನಮ್ಮದು ಹಳೇ ಆರ್‌ವಿ, ಅಂದರೆ ಒಳಗೇ ವಾಸ ಮಾಡುವ ಗಾಡಿ. 120 ವೋಲ್ಟ್ ಎಸಿ ಕರೆಂಟನ್ನು 12 ವೋಲ್ಟ್ ಡಿಸಿ ಮಾಡಿ ಬ್ಯಾಟರಿ ತುಂಬಿಸುವ ಕನ್ವರ್ಟರ್ ಮಂಚದ ಕೆಳಗೆ ಗುಂಯ್ ಅನ್ನುತ್ತಲೇ ಇರುತ್ತಿತ್ತು. ಹೊಸ ಲಿಥಿಯಂ ಬ್ಯಾಟರಿ ಹಾಕಿದ್ದರೂ, ಜನರೇಟರ್ ಎಷ್ಟು ಹೊತ್ತು ಓಡಿಸಿದರೂ ಪೂರ್ತಿ ತುಂಬುತ್ತಿರಲಿಲ್ಲ, ನಾನೋ ಸುಮ್ನೆ ಬ್ಯಾಟರಿಯನ್ನೇ ಬೈಯುತ್ತಾ ಕೂತಿದ್ದೆ. ನೀವು ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ತೋರಿಸಿದಿರಿ: 13.6. ಹಳೇ ಸೀಸದ ಬ್ಯಾಟರಿಗೆ ಮಾಡಿದ ಚಾರ್ಜರ್ ಇದು, ಲಿಥಿಯಂ ಬೇಗ ತುಂಬಬೇಕಾದರೆ 14.4ರ ಆಸುಪಾಸು ಬೇಕು ಅಂದಿರಿ.

ಹೊಸ ಕನ್ವರ್ಟರ್ ತರಿಸಿದೆ. ಕೂರಿಸುವ ದಿನ ನಾನು ಕಪ್ಪು ತಂತಿಯನ್ನು ಮೈನಸ್‌ಗೆ ಹಿಡಿದೆ, ಕಾರಿನಲ್ಲಿ ಹಾಗೇ ಅಲ್ವಾ! ನೀವು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಿರಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಕಪ್ಪೇ ಪ್ಲಸ್, ಬಿಳಿ ಮೈನಸ್ ಅಂತೆ. ಬಣ್ಣ ನಂಬಬೇಡ ಅಂತ ಮೀಟರ್ ಕೊಟ್ಟು ನನ್ನಿಂದಲೇ ನೋಡಿಸಿದಿರಿ. ಉಲ್ಟಾ ಕೊಟ್ಟಿದ್ದರೆ ಕನ್ವರ್ಟರ್‌ನ ಫ್ಯೂಸ್ ಢಮಾರ್! ಹತ್ತಿರದಲ್ಲಿ ಫ್ಯೂಸ್ ಹುಡುಕಿಕೊಂಡು ಹೋಗುವ ಕಥೆ ಬೇರೆ.

ಸಂಜೆ ಹೊತ್ತಿಗೆ ಬ್ಯಾಟರಿ ಪೂರ್ತಿ. ಗುಂಯ್ ಶಬ್ದ ಇಲ್ಲದೆ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ, ಅದು ಬೇರೆ ಮಾತು.

ದುಡ್ಡು ಮುಟ್ಟಲಿಲ್ಲ ನೀವು. ಫಿಲ್ಟರ್ ಕಾಫಿ ಮಾತ್ರ ಎರಡನೇ ಲೋಟ ಕೇಳಿ ಕುಡಿದಿರಿ. ತುಂಬಾ ಥ್ಯಾಂಕ್ಸ್ ಯಜಮಾನರೇ. ನಿಮ್ಮ ಹಳದಿ ಹಿಡಿಯ ಸ್ಕ್ರೂಡ್ರೈವರ್ ನಮ್ಮ ಡಬ್ಬದಲ್ಲೇ ಉಳಿದುಬಿಟ್ಟಿದೆ.